ಪಕ್ಕದ ಹಳಿಯ ಕ್ಯಾಪ್ಟನ್

ಅಮೆರಿಕದ ಅಯೋವಾದ ಬಯಲಿನಲ್ಲಿ ಒಂಟಿ ಹಳಿ ಬಿದ್ದ ಕಾಲದಿಂದಲೂ ಸೈರಸ್ ಹಾವರ್‌ಕ್ಯಾಂಪ್ ಪ್ಯಾಸೆಂಜರ್ ರೈಲಿನ ಕಂಡಕ್ಟರ್. ಜನ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಎದುರು ಗಾಡಿ ತಡವಾದರೆ ಕಾಯಬೇಕೋ ಹೊರಡಬೇಕೋ ಎಂಬುದಕ್ಕೆ ಅವನ ಮಾತೇ ಕಾನೂನು. ಒಮ್ಮೆ ಅವನು ಅವಸರಪಡಿಸಿದ್ದರಿಂದಲೇ ಈನಸ್ ಪ್ರೂಯಿಟ್ ಎಂಬ ಬ್ರೇಕಿನ ಆಳಿನ ಬಲಗೈ ಬೆರಳುಗಳು, ಡಬ್ಬಿ ಜೋಡಿಸುವಾಗ, ಅವುಗಳ ನಡುವೆ ಸಿಕ್ಕಿ ಜಜ್ಜಿಹೋದವು. "ನೋಡ್ಕೊಂಡು ಕೈ ಇಡೋಕೆ ಆಗಲ್ವಾ ನಿಂಗೆ?" ಎಂದು ಬೈದು, ಮುಂದಿನ ನಿಲ್ದಾಣದಲ್ಲಿ ಅವನನ್ನು ಇಳಿಸಿ ಹೋಗಿದ್ದ.

ಆಮೇಲೆ ಬೇರೆಲ್ಲೋ ಎರಡು ಗಾಡಿಗಳು ಮುಖಾಮುಖಿ ಗುದ್ದಿಕೊಂಡವು, ಕಂಪನಿ ಎಚ್ಚೆತ್ತಿತು. ದಾರಿಯನ್ನು ವಿಭಾಗಗಳಾಗಿ ಒಡೆದು, ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟನನ್ನು ಕೂರಿಸಿತು. ಅವನ ಕೈಕೆಳಗೆ, ತಂತಿ ಸಂದೇಶದಲ್ಲೇ ಎಲ್ಲ ಗಾಡಿಗಳನ್ನೂ ನಡೆಸುವ ಡಿಸ್ಪ್ಯಾಚರ್. ಅವನ ಆಜ್ಞೆ ಮೀರಿ ಗಾಡಿ ಕದಲುವಂತಿಲ್ಲ. ಸೈರಸ್‌ನ ಗಾಡಿ ಓಡುವ ಬೆಲ್ಡನ್ ವಿಭಾಗದಲ್ಲಿ ಡಿಸ್ಪ್ಯಾಚರ್ ಕುರ್ಚಿಗೆ ಬಂದವನು, ಎಡಗೈಯಲ್ಲಿ ತಂತಿ ಕುಟ್ಟಲು ಕಲಿತಿದ್ದ ಈನಸ್.

ಅಲ್ಲಿಂದಾಚೆ ಹಂದಿ ತುಂಬಿದ ಗೂಡ್ಸ್ ಬಂದರೂ ಸೈರಸ್ ಪಕ್ಕದ ಹಳಿಗೆ ಸರಿದು, ದಾರಿ ಬಿಟ್ಟು ನಿಲ್ಲಬೇಕಾಯಿತು. ಹಂದಿಗಳಿಗೊಂದು ಸಲಾಮು ಹೊಡೆಯಿರಿ ಎಂದು ಪ್ರಯಾಣಿಕರು ಆಡಿಕೊಂಡರು. ಅವನು ಸೂಪರಿಂಟೆಂಡೆಂಟ್ ಲೇಥ್ರಪ್‌ನ ಬಳಿ ದೂರಿಕೊಂಡ.

"ಆಜ್ಞೆ ಕೆಳಗೆ ಯಾರ ಹೆಸರಿರುತ್ತೆ? ನಂದು," ಎಂದ ಲೇಥ್ರಪ್. "ಅಂದ್ಮೇಲೆ ನಿಮ್ಮ ಜಗಳ ನನ್ನ ಜೊತೆನಾ?"

ಸೈರಸ್ ಸೀದಾ ಈನಸ್‌ನ ಕೋಣೆಗೆ ನುಗ್ಗಿ, ಹಗೆ ತೀರಿಸಿಕೊಳ್ಳುತ್ತಿದ್ದೀಯಾ ಎಂದು ಕೇಳಿದ. ಈನಸ್ ತಲೆ ಎತ್ತಲಿಲ್ಲ.

"ಹಗೆ ಇದೆ, ಕ್ಯಾಪ್ಟನ್. ಆದ್ರೆ ನಿಮ್ಮನ್ನ ನಿಲ್ಸೋಕೆ ಅದೇನೂ ಬೇಕಾಗಿಲ್ಲ. ಹಂದಿ ಸತ್ರೆ ಕಂಪನಿಗೆ ನಷ್ಟ. ನೀವು ಕಾದ್ರೆ ಯಾರಿಗೇನು?"

ಆ ಮಾತು ಸೈರಸ್‌ಗೆ ಮುಳ್ಳಿನಂತೆ ನಾಟಿತು. ಮುಂದಿನ ವಾರ ಹಿಮ ಸುರಿಯುವಾಗ, ಕಾದೂ ಕಾದೂ ಗೂಡ್ಸ್ ಬಾರದಿದ್ದಾಗ, ಆಜ್ಞೆ ಮೀರಿ ಗಾಡಿ ಹೊರಡಿಸಿದ. ಎದುರಿಗೆ ಹೊಗೆ ಕಂಡಿತು. ಇಬ್ಬರು ಚಾಲಕರೂ ಬೆವರಿಳಿಸಿಕೊಂಡು ನಿಲ್ಲಿಸುವ ಹೊತ್ತಿಗೆ ಎಂಜಿನ್ನುಗಳ ನಡುವೆ ಒಂದು ಕುದುರೆ ನಿಲ್ಲುವಷ್ಟು ಜಾಗ ಉಳಿದಿತ್ತು.

ವಿಚಾರಣೆಯಲ್ಲಿ, ಹಳಬನಲ್ಲವೇ, ಅವನ ಪರವಾಗಿ ಏನಾದರೂ ಹೇಳುವುದಿದೆಯೇ ಎಂದು ಲೇಥ್ರಪ್ ಈನಸ್‌ನನ್ನು ಕೇಳಿದ.

"ಆಜ್ಞೆ ಅವ್ರ ಕೈ ಸೇರಿತ್ತು ಸಾರ್," ಎಂದಷ್ಟೇ ಹೇಳಿದ ಈನಸ್.

ಸೈರಸ್‌ನ ಕೆಲಸ ಹೋಯಿತು. ಹಳಿಯ ಪಕ್ಕದ ಮೆಕ್ಕೆಜೋಳದ ಉಗ್ರಾಣದಲ್ಲಿ ಮೂಟೆ ತೂಗುತ್ತ ಉಳಿದ ಕಾಲ ಕಳೆದ. ಇಬ್ಬರೂ ಒಂದೇ ಚರ್ಚಿಗೆ ಹೋಗುತ್ತಿದ್ದರು, ಮುಖ ಕೊಟ್ಟು ಮಾತಾಡಲಿಲ್ಲ. ಸೈರಸ್ ಸತ್ತಾಗ ಹೆಣ ಹೊರಲು ಒಬ್ಬ ಕಡಿಮೆ ಬಿದ್ದ. ಪಾದ್ರಿ ಕೇಳಿದ್ದಕ್ಕೆ ಈನಸ್, ತನ್ನ ಪಾಳಿ ಶುರುವಾಗುತ್ತದೆ ಎಂದು ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದ.