ಆ ಸಂಜೆ ಕರುಣಾಳ ಕೈ ಹಿಡಿದವರು

ದೆವ್ವ, ದರ್ಶನ, ಅಶರೀರವಾಣಿ ಇವನ್ನೆಲ್ಲ ನಂಬಿದವನಲ್ಲ ನಾನು. ಇರುವ ಚಿಂತೆಗಳೇ ಬೇಕಾದಷ್ಟಿದ್ದವು. ಇಲ್ಲದವುಗಳಿಗೂ ಹೆದರಲು ನನಗೆ ಪುರುಸೊತ್ತಿರಲಿಲ್ಲ. ಆದರೂ ಹನ್ನೆರಡು ವರ್ಷಗಳ ಹಿಂದೆ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಹೆಂಡತಿ ಕರುಣಾ ಗುಂಡಿಗೆಯ ಬೇನೆಯಿಂದ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಡಾಕ್ಟರರು ನನ್ನನ್ನು ಹೊರಗೆ ಕರೆದು ಮಾತಾಡಿದ್ದರು. ಅದು ಅವಳಿಗೆ ಗೊತ್ತಾಗಬಾರದೆಂದು ನಾನು ನಗುತ್ತಿದ್ದೆ. ಅವಳಿಗೆ ಗೊತ್ತಾಗಿದೆಯೆಂದು ನನಗೆ ತಿಳಿಯಬಾರದೆಂದು ಅವಳೂ ನಗುತ್ತಿದ್ದಳು. ರಾತ್ರಿಯೆಲ್ಲ ಅವಳ ಉಸಿರು ಎಣಿಸುತ್ತ ಕೂಡುತ್ತಿದ್ದೆ. ನಾನು ಎಣಿಸುವುದು ಬಿಟ್ಟರೆ ಅವಳು ಉಸಿರಾಡುವುದು ಬಿಟ್ಟಾಳೆಂಬ ಹುಚ್ಚು ಭಯ.

ಈಸ್ಟರಿಗೆ ಮುಂಚಿನ ಉಪವಾಸಕಾಲ ಲೆಂಟಿನ ನಲವತ್ತು ದಿನ ನಮ್ಮ ಓಣಿಯ ಕ್ರೈಸ್ತರು ದಿನಕ್ಕೊಂದು ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಕೂಡುವುದು ವಾಡಿಕೆ. ಒಂದೊಂದು ಹಾಡನ್ನೂ ಮೇಲು ಕೆಳಗಿನ ನಾಲ್ಕು ಸ್ವರಗಳಲ್ಲಿ ಒಟ್ಟಿಗೆ ಹಾಡುತ್ತೇವೆ. ಎಲ್ಲಕ್ಕೂ ಕೆಳಗಿನ ಸ್ವರಕ್ಕೆ ಓಣಿಗೆಲ್ಲ ನಾನೊಬ್ಬನೇ, ಅದೂ ಹೆದರಿ ಹೆದರಿ ಹಾಡುವವನು. ನಮ್ಮ ಮನೆಯ ಪಾಳಿ ಬಂದಾಗ ಈ ವರ್ಷ ಬೇಡವೆಂದೆ. ಪಕ್ಕದ ಮನೆಯ ಮುದುಕಿ ಮಾರ್ತವ್ವ ಕೇಳಲಿಲ್ಲ.

"ನಿಮ್ಮ ಚಿಂತಿ ಒಂದ್ ತಾಸು ನಮ್ಮ ಹೆಗಲ ಮ್ಯಾಲೂ ಇಡ್ರಿ ಮಾಸ್ತರ. ಬೇಕಾದ್ರ ಹೋಗೂಮುಂದ ತಿರುಗಿ ಕೊಟ್ಟ ಹೋಗ್ತೇವಿ."

ಜನ ಬಂದು ಕರುಣಾಳ ಮಂಚದ ಸುತ್ತ ಕೂತರು. ನಾನು ಚಹದ ನೀರು ಇಡಲು ಅಡಿಗೆಮನೆಗೆ ಹೋದೆ. ಒಲೆ ಹೊತ್ತಿಸುವ ಮೊದಲು ಒಂದು ಗಳಿಗೆ ಕಟ್ಟಿಗೆಯ ರಾಶಿಗೆ ಒರಗಿದೆ. ಅಷ್ಟು ಮಂದಿ ಅವಳ ಬಳಿ ಇದ್ದಾರೆ ಎಂದುಕೊಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಒಲೆ ತಣ್ಣಗಿತ್ತು. ಗಲ್ಲದ ಮೇಲೆ ಕಟ್ಟಿಗೆಯ ಗೆರೆ ಮೂಡಿತ್ತು.

ಕರುಣಾ ಇನ್ನೂ ಮಲಗಿದ್ದಳು. ಕ್ಷಮೆ ಕೇಳಲು ಮಾರ್ತವ್ವನ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಿನ್ನಿ ಭಾಳ ಛಲೋ ಹಾಡಿದ್ರಿ. ಚಹಾ ಕೊಡಲಿಲ್ಲ, ಆ ಮಾತು ಬ್ಯಾರೆ" ಎಂದಳು. ಚುಚ್ಚುತ್ತಿದ್ದಾಳೆಂದುಕೊಂಡೆ. ಬಂದವರಲ್ಲಿ ಇನ್ನಿಬ್ಬರನ್ನು ಸುತ್ತುಬಳಸಿ ವಿಚಾರಿಸಿದೆ. ನಾನು ಮಂಚದ ತಲೆದೆಸೆಯಲ್ಲಿ ಕೂತು ಕೊನೆಯತನಕ ಹಾಡಿದೆನೆಂದು ಅವರೂ ಹೊಗಳಿದರು.

ಮನೆಗೆ ಬಂದಾಗ ಕರುಣಾ ಎದ್ದಿದ್ದಳು. ಮುಖ ತಿಳಿಯಾಗಿತ್ತು.

"ಕಡೀ ಹಾಡು ನಾನೂ ನಿಮ್ಮ ಜೋಡಿ ಹಾಡಿದ್ನಿ. ಅದು ಮುಗಿಯೂತನಕಾ ನನ್ನ ಕೈ ಬಿಡಲಿಲ್ಲ ನೀವು. ಒಮ್ಮೆನೂ ನಡಗಲಿಲ್ಲ ನಿಮ್ಮ ಕೈ. ಆಮ್ಯಾಲೆ ನನಗ ನಿದ್ದಿ ಹತ್ತಿತು. ಇನ್ನ ಅಂಜಿಕಿ ಇಲ್ರಿ ನನಗ."

ನಾನು ಅಲ್ಲಿರಲಿಲ್ಲ ಎಂಬುದನ್ನು ನುಂಗಿಕೊಂಡು ಚಹಕ್ಕೆ ಒಲೆ ಹೊತ್ತಿಸಿದೆ.

ಈಸ್ಟರಿಗೆ ನಾಲ್ಕು ದಿನ ಮುಂಚೆ ಅವಳು ಹೋದಳು. ಅಂಜದೆ ಹೋದಳು.

ಬಹಳ ದಿನಗಳ ಮೇಲೆ ಡಾಕ್ಟರರಿಗೊಬ್ಬರಿಗೇ ಇದನ್ನು ಹೇಳಿದೆ. ನಿದ್ದೆಗಣ್ಣಿನಲ್ಲಿ ಎದ್ದು ಬಂದು ಹಾಡಿ ಮತ್ತೆ ಹೋಗಿ ಮಲಗಿರಬೇಕು ಎಂದರು. ಇರಬಹುದು. ಎಚ್ಚರದಲ್ಲೇ ಸ್ವರ ತಪ್ಪುವವನು ನಿದ್ದೆಯಲ್ಲಿ ಸರಿಯಾಗಿ ಹಾಡಿದ್ದು ಹೇಗೆಂದು ಅವರು ಹೇಳಲಿಲ್ಲ. ಕರ್ತನಾದ ದೇವರೇ ನನ್ನ ರೂಪದಲ್ಲಿ ಬಂದಿದ್ದನೆನ್ನಲು ನನ್ನ ಭಕ್ತಿ ಸಾಲದು. ಬರಲಿಲ್ಲವೆನ್ನಲು ಧೈರ್ಯ ಸಾಲದು. ಅಂಥ ನಿದ್ದೆಯಂತೂ ಮತ್ತೆ ಬಂದಿಲ್ಲ.

ಅವಳ ಕೈ ಹಿಡಿದವರು ಯಾರೇ ಇರಲಿ, ಅವರಿಗೆ ನಾನು ಋಣಿ. ಅವರ ಮೇಲೆ ಹೊಟ್ಟೆಕಿಚ್ಚೂ ಇದೆ. ಆ ಸಂಜೆಯದೇ ಕರುಣಾ ನನ್ನ ಜೊತೆಯೆಂದುಕೊಂಡು ಹಾಡಿದ ಕೊನೆಯ ಹಾಡು. ಅದು ಯಾವ ಹಾಡೆಂದು ಓಣಿಯಲ್ಲಿ ಯಾರನ್ನೂ ಕೇಳುವ ಹಾಗಿರಲಿಲ್ಲ; ಅವರ ಲೆಕ್ಕದಲ್ಲಿ ಹಾಡಿದವನೇ ನಾನು. ಇವತ್ತಿಗೂ ನನಗೆ ಗೊತ್ತಿಲ್ಲ.