ಊಟದ ಮೇಲಿನ ಗುಳಿಗೆ

ಜಹೀರಾಬಾದ್ ದಾಟಿದ ಮೇಲೆ ಹೆದ್ದಾರಿಗೆ ಅಂಟಿಕೊಂಡಿದ್ದ ಗಡಿ ಹಳ್ಳಿಯೊಂದರ ಶಾಲೆಯಲ್ಲಿ ಆಗ ನಾನು ಟೀಚರು. ಪಾಠ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ. ಆರನೇ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆಯ ಸಾಲಿನಲ್ಲೇ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ತಪಾಸಣೆಗೆ ಬಂದ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ರಕ್ತ ತೀರಾ ಕಡಿಮೆ, ದಿನಾ ಊಟವಾದ ಮೇಲೆ ಒಂದು ಕಬ್ಬಿಣಾಂಶದ ಗುಳಿಗೆ, ಒಂದು ದಿನವೂ ತಪ್ಪಬಾರದು ಎಂದರು.

ಮನೆಗೆ ಕೊಟ್ಟ ಗುಳಿಗೆಗಳನ್ನು ಅವಳ ತಾಯಿ ತಿಪ್ಪೆಗೆ ಎಸೆದಳು, ಮಗಳ ಮಲ ಕಪ್ಪಗಾಗುತ್ತದೆಂದು. ಅಂದಿನಿಂದ ಗುಳಿಗೆ ಡಬ್ಬಿ ಶಾಲೆಯ ಅಲ್ಮಾರಿಯಲ್ಲೇ ಉಳಿಯಿತು. ಮಧ್ಯಾಹ್ನದ ಊಟ ಮುಗಿದ ಕೂಡಲೇ ಅವಳು ನನ್ನೆದುರು ಕೈ ಚಾಚಬೇಕು, ನುಂಗಬೇಕು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಮಕ್ಕಳನ್ನು ನಂಬುವ ಅಭ್ಯಾಸ ನನಗಿರಲಿಲ್ಲ.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ಶುರುವಾಯಿತು. ಶಾಲೆಗೆ ಬೀಗ ಹಾಕಿದವಳು ನಾನೇ. ಬೀಗ ತೆಗೆದವರ ಹೆಸರು ಹೇಳಿ, ಅವರ ಮುಖ ನೋಡುವುದಿಲ್ಲ ಎಂದು ಮುಷ್ಕರದ ಟೆಂಟಿನಲ್ಲಿ ಮೈಕು ಹಿಡಿದು ಕೂಗಿದವಳೂ ನಾನೇ. ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ಗುಳಿಗೆ ನೆನಪಾಗಲಿಲ್ಲವೇ ಎಂದರೆ, ಸುಳ್ಳು ಯಾಕೆ, ಒಂದೆರಡು ಸಲ ನೆನಪಾಯಿತು. ನಾಲ್ಕು ದಿನದಲ್ಲಿ ಎಲ್ಲ ಮುಗಿಯುತ್ತದೆ ಅಂದುಕೊಂಡು ಸುಮ್ಮನಾದೆ.

ಮೂರನೇ ವಾರ ನಮ್ಮೂರಿನವರ ವಂಟಾವಾರ್ಪು. ಅಂದರೆ ಹೆದ್ದಾರಿ ಅಡ್ಡಗಟ್ಟಿ, ರಸ್ತೆಯ ಮೇಲೇ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ ಉಣ್ಣುವುದು. ಲಾರಿಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು. ಶಾಲೆಯ ಅಡುಗೆಯಾಕೆ ತನ್ನ ಮನೆಯಲ್ಲಿಟ್ಟಿದ್ದ ಶಾಲೆಯ ದೊಡ್ಡ ಪಾತ್ರೆಯನ್ನೇ ತಂದಿದ್ದಳು. ಅದನ್ನು ಕಂಡದ್ದೇ ತಡ, ನಮ್ಮ ಮಕ್ಕಳು ತಾಟು ಹಿಡಿದು ಬಂದು ಡಾಂಬರಿನ ಮೇಲೆ ತರಗತಿ ಪ್ರಕಾರ ಸಾಲಾಗಿ ಕೂತರು. ಯಾರೂ ಹೇಳಿರಲಿಲ್ಲ. ನನಗೆ ನಗು ಬಂತು, ಹೆಮ್ಮೆಯೂ ಆಯಿತು.

ಅನ್ನ ಸಾರು ಉಂಡು, ತಾಟು ತೊಳೆದು, ಆ ಹುಡುಗಿ ನೇರ ನನ್ನ ಹತ್ತಿರ ಬಂದು ಕೈ ಚಾಚಿದಳು. ಅಂಗೈ ಬಿಳುಚಿಕೊಂಡಿತ್ತು.

"ಗುಳಿಗಿ ಸಾಲ್ಯಾಗ ಅದಾವಲ್ಲವ್ವಾ. ಮುಷ್ಕರ ಮುಗೀಲಿ, ಕೊಡ್ತೀನಿ," ಅಂದೆ.

"ದಿನಾ ಉಂಡು ಬಂದು ಸಾಲಿ ಬಾಗಲ್ದಾಗ ನಿಂತೀನ್ರಿ ಟೀಚರ್. ನೀವು ಬರಲಿಲ್ರಿ."

ಆ ಮಾತಿನಲ್ಲಿ ದೂರು ಇರಲಿಲ್ಲ. ಹಾಜರಿ ಹೇಳಿದಂತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳ ಕೈ ಹಿಡಿದು ಶಾಲೆಯ ಕಡೆ ನಡೆದೆ. ನಮ್ಮ ಶಾಲೆಯ ಮಾಸ್ತರರೊಬ್ಬರು ಹಿಂದಿನಿಂದ ಕೂಗಿದರು, "ಎಲ್ಲಿಗಿ ಹೊಂಟೀರಿ ಮೇಡಂ? ಸಾಲಿ ತೆಗೀತೀರೇನ್ರಿ?"

"ಹೌದ್ರಿ, ತೆಗೀತೀನಿ. ನಾಳಿ ಮೈಕಿನ್ಯಾಗ ನನ್ನ ಹೆಸರೂ ಹೇಳ್ರಿ."

ಬೀಗ ತೆಗೆದು, ಅಲ್ಮಾರಿಯಿಂದ ಡಬ್ಬಿ ತೆಗೆದು ಗುಳಿಗೆ ಕೊಟ್ಟೆ. ನೀರು ಕುಡಿದು ನುಂಗಿದಳು. ಎಂದಿನಂತೆ ಬಾಯಿ ತೆರೆದು ನಾಲಿಗೆ ಎತ್ತಿದಳು. ನನಗೆ ಅವಳನ್ನು ನೋಡುವ ಮುಖವಿರಲಿಲ್ಲ, ಗೋಡೆಯ ಕಡೆ ತಿರುಗಿ ನಿಂತೆ.

"ಬಾಯಿ ಮುಚ್ಚವ್ವಾ, ನಿನ್ನ ನಂಬೀನಿ," ಅಂದೆ.

ನಾನು ತಿರುಗಿ ನೋಡುವವರೆಗೂ ಅವಳು ಬಾಯಿ ಮುಚ್ಚಲಿಲ್ಲ.