ಮಾದಮ್ಮ ಸೇರಿಸಿದ ಚರಣ

'ನಲ್ಲಿ ಐತೆ, ನೀರೆಲ್ಲಿ?' ಅನ್ನೋ ನಮ್ಮ ರಾಕ್ ಹಾಡು ಆಗಲೇ ಎಲ್ಲರ ಮೊಬೈಲಿಗೂ ಹೋಗಿತ್ತು. ಗುಂಡ್ಲುಪೇಟೆಯಲ್ಲಿ ಅದನ್ನು ಹಾಡುತ್ತಿದ್ದಾಗ, ಹಂಗಳದ ಕಡೆ ಚೆಂಡುಹೂ ಬಿಡಿಸುವ ಮಾದಮ್ಮ ಅನ್ನೋರು ಸೀದಾ ವೇದಿಕೆ ಹತ್ತಿ ಬಂದರು. ನಾನು ಗಿಟಾರ್ ನಿಲ್ಲಿಸಿದೆ.

"ನಿನ್ನ ಹಾಡು ಸುಳ್ಳು ಕಣಪ್ಪ," ಅಂದರು. "ನಮ್ಮ ಬೀದೀಲಿ ನಲ್ಲೀನೇ ಇಲ್ಲ."

ನನಗೆ ನಾಚಿಕೆಯಾಯಿತು. "ಹಂಗಾದ್ರೆ ನೀವೇ ಹಾಡಿ, ಅಮ್ಮ," ಅಂತ ಮೈಕ್ ಕೊಟ್ಟೆ. ಮುಂದಿನ ಸಾಲಿನಲ್ಲೇ ಊರಿನ ಮುಖಂಡರು ಕೂತಿದ್ದರಿಂದ ಆಯೋಜಕರು ಬೇಡ ಬೇಡ ಅಂತ ಕೈ ಆಡಿಸಿದರು.

ಮಾದಮ್ಮ ಸೋಬಾನೆ ಧಾಟಿಯಲ್ಲಿ ಎತ್ತಿಕೊಂಡರು: "ಪೈಪು ತಂದು ಆಕ್ಬುಟ್ರು, ಪೋಟ ತೆಗ್ದು ಓಗ್ಬುಟ್ರು!"

ನಮ್ಮ ಡ್ರಮ್ಮಿನವನು ತಾಳ ಹಿಡಿದ. ಎರಡನೇ ಸಲಕ್ಕೆ ಇಡೀ ಮೈದಾನ ಹಾಡುತ್ತಿತ್ತು. ಮುಖಂಡರು ಬೆವರೊರೆಸಿಕೊಂಡು ಎದ್ದು ಬಂದು, ತಿಂಗಳೊಳಗೆ ನೀರು ಕೊಡಿಸುತ್ತೇನೆ ಅಂತ ಮೈಕಿನಲ್ಲೇ ಹೇಳಿದರು.

"ಯೋಳಿದ್ದು ಎಲ್ರೂ ಕೇಳ್ಸ್ಕಂಡ್ರಾ?" ಅಂತ ಮಾದಮ್ಮ ಜನರನ್ನು ಕೇಳಿದರು. ಆಗ ಎದ್ದ ಕೂಗಿನ ಮುಂದೆ ನಮ್ಮ ಸ್ಪೀಕರುಗಳು ಪಿಸುಮಾತಾಡಿದಂತಿತ್ತು.

ತಿಂಗಳು ತುಂಬುವ ಮೊದಲೇ ಆ ಬೀದಿಗೆ ನಲ್ಲಿ ಬಂತು, ನೀರೂ ಬಂತು. ಈಗ ಎಲ್ಲಿ ಹೋದರೂ ಜನ ಮಾದಮ್ಮನ ಚರಣವನ್ನೇ ಕೇಳುತ್ತಾರೆ. ನಾನು ಬರೆದದ್ದನ್ನು ಬೇಗ ಮುಗಿಸು ಅಂತಾರೆ.